ಉದ್ದದ ದಾರ ಯಾವ ಕಡೆ?

ನಮ್ಮ ನರ್ಸಿಂಗ್ ಹೋಮಿನ ಎಕ್ಸ್‌ರೇ ಕೋಣೆಯಲ್ಲಿ ಎರಡು ಬಗೆಯ ಚಿತ್ರಗಳು ತಯಾರಾಗುತ್ತಿದ್ದವು. ಒಂದು ಯಂತ್ರ ತೆಗೆಯುವಂಥದ್ದು: ಮುರಿದ ಮೂಳೆ, ಕಫ ಕಟ್ಟಿದ ಎದೆ. ಇನ್ನೊಂದು ನಾನು ತೆಗೆಯುವಂಥದ್ದು. ಡಾಕ್ಟರಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಏನೋ ಇದು, ಎಕ್ಸ್‌ರೇನೋ ಇದ್ದಿಲಿನ ಫೋಟೋನೋ?" ಎನ್ನುವುದು, ಅರಿವಳಿಕೆ ಡಾಕ್ಟರು ರೋಗಿಗಿಂತ ಮೊದಲು ತಾವೇ ಆಕಳಿಸುವುದು, ಆಯಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲನ್ನು ಬೈಯುತ್ತ ಹತ್ತುವುದು, ಎಲ್ಲ ನನ್ನ ಹತ್ತಿರ ಸದಾ ಸಿದ್ಧ. ನನ್ನನ್ನೂ ಬಿಟ್ಟವನಲ್ಲ. ಸೀಸದ ಏಪ್ರನ್ ತೊಟ್ಟರೆ ನಾನು ಒದ್ದೆ ಜಮಖಾನ ಒಣಹಾಕಿದ ಗಳದಂತೆ ಕಾಣುತ್ತಿದ್ದೆ. ಆ ಗಳ ನಡೆಯುವುದನ್ನೂ ಮಾಡಿ ತೋರಿಸುತ್ತಿದ್ದೆ.

ಡಾರ್ಕ್‌ರೂಮಿನಲ್ಲಿ ನಾನು ಗಡಿಯಾರ ನೋಡುತ್ತಿರಲಿಲ್ಲ. ಫಿಲ್ಮನ್ನು ಡೆವಲಪರ್‌ಗೆ ಇಳಿಸಿ, ಕೆಂಪು ದೀಪದ ಕೆಳಗೆ ನಿಂತು, ರೇಡಿಯೊದಲ್ಲಿ ವಾರ್ತೆ ಓದುವವರ ದನಿಯಲ್ಲಿ ಜಯನಗರದ ಸುದ್ದಿಯನ್ನೆಲ್ಲ ಓದುತ್ತಿದ್ದೆ. ಯಾರ ಮನೆಗೆ ಹೊಸ ಸ್ಕೂಟರ್ ಬಂತು, ಕಾಂಪ್ಲೆಕ್ಸ್ ಹತ್ತಿರ ಯಾರು ಜಾರಿ ಬಿದ್ದರು. ಹವಾಮಾನಕ್ಕೆ ಬರುವ ಹೊತ್ತಿಗೆ ಫಿಲ್ಮ್ ಆಗಿರುತ್ತಿತ್ತು. ಹೊರಗೆ ಕಾಯುವವರು ಒಳಗೆ ಟ್ರಾನ್ಸಿಸ್ಟರ್ ಇದೆಯೆಂದೇ ತಿಳಿದಿದ್ದರು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೊಲೆಯ ಎಕ್ಸ್‌ರೇ ತೆಗೆಯಲೆಂದೇ ಮಾಡಿದ ಯಂತ್ರವನ್ನು ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೆ. ನಮ್ಮದು ಎಲ್ಲಕ್ಕೂ ಒಂದೇ ಯಂತ್ರ. ಅದು ಕೊಡಬಲ್ಲ ಅತಿ ಕಡಿಮೆ ವೋಲ್ಟೇಜಿಗೆ ಇಳಿಸಿ, ಕಪ್ಪು ಕಾಗದದಲ್ಲಿ ಸುತ್ತಿ ಬರುವ ನುಣುಪು ಫಿಲ್ಮ್ ಬಳಸಿ ಡಾಕ್ಟರಮ್ಮ ಹೇಳಿಕೊಟ್ಟಂತೆ ತೆಗೆಯುತ್ತಿದ್ದೆ. ಐದರಲ್ಲಿ ಮೂರು ಕೆಡುತ್ತಿದ್ದವು. ಕೆಡದ ಒಂದರಲ್ಲಿ ಒಬ್ಬ ಹೆಂಗಸಿನ ರೋಗ ಸಿಕ್ಕಿತು.

ಅವರು ಯಡಿಯೂರಿನವರು. ಗಂಡನ ಮನೆಯವರು ಕೆರೆಯ ಕೆಳಗೆ ರಾಗಿ, ಸೊಪ್ಪು ಬೆಳೆಯುತ್ತಿದ್ದವರು. ಜಮೀನೆಲ್ಲ ಬಡಾವಣೆಯಾದ ಮೇಲೆ ಸಾಲಾಗಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಈಕೆಗೆ ಗಂಟಿರಲಿಲ್ಲ, ನೋವೂ ಇರಲಿಲ್ಲ. ಮೊಲೆತೊಟ್ಟು ತಾಗುವ ಕಡೆ ಒಳಗಿನ ಬಟ್ಟೆಯ ಮೇಲೆ ಆಗಾಗ ಕಂದು ಕಲೆ ಕಾಣಿಸುತ್ತಿತ್ತು, ಅಷ್ಟೇ. ಡಾಕ್ಟರಮ್ಮನ ಬೆರಳಿಗೆ ಏನೂ ಸಿಗಲಿಲ್ಲ. ಫಿಲ್ಮಿನಲ್ಲಿ, ಎಡ ಮೊಲೆಯೊಳಗೆ, ಯಾರೋ ಚಿಟಿಕೆ ರವೆ ಚೆಲ್ಲಿದಂತೆ ಬಿಳಿ ಕಾಳುಗಳು. ಸುಣ್ಣದ ಕಾಳುಗಳು; ಶುರುವಿನ ಕ್ಯಾನ್ಸರ್ ಹೀಗೆ ಕಾಣಬಹುದಂತೆ. ಡಾಕ್ಟರಮ್ಮ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆವತ್ತು ಇದ್ದಿಲಿನ ಮಾತು ಬರಲಿಲ್ಲ.

ಆ ಕಾಲಕ್ಕೆ ಇಂಥದ್ದಕ್ಕೆ ಇದ್ದ ಮದ್ದು ಒಂದೇ: ಪೂರ್ತಿ ತೆಗೆದುಹಾಕುವುದು. ಆ ಹೆಂಗಸಿನ ಅಕ್ಕನಿಗೆ ಹಾಗೇ ಮಾಡಿದ್ದರಂತೆ. ಅರಿವಳಿಕೆ ಕೊಡುವ ಮುಂಚೆ ಯಾರೂ ಆಕೆಗೆ ಹೇಳಿರಲಿಲ್ಲ. ಎಚ್ಚರವಾಗಿ, ಬಾಯಾರಿಕೆಗೆ ಎದ್ದು ಕೂರಲು ಹೋದಾಗ ಗೊತ್ತಾಯಿತಂತೆ.

"ಆಮೇಲೆ ನಮ್ಮಕ್ಕ ಕನ್ನಡಿ ಮುಂದೆ ನಿಲ್ಲಲಿಲ್ಲ ಮೇಡಂ," ಎಂದು ಈಕೆ ನನ್ನ ಕೋಣೆಯಲ್ಲಿ ಕೂತು ಡಾಕ್ಟರಮ್ಮನಿಗೆ ಹೇಳಿದರು. "ಅವಳ ತಲೆ ನಾನೇ ಬಾಚ್ತಿದ್ದೆ. ನನ್ನದು ಎಷ್ಟು ಬೇಕೋ ಅಷ್ಟೇ ತೆಗೀರಿ. ಎಚ್ಚರ ಆದಾಗ ಅದು ಇರ್ಬೇಕು."

"ನಿಮ್ಮನ್ನ ಎಬ್ಬಿಸಿ ಕೇಳದೆ ಪೂರ್ತಿ ತೆಗೆಯಲ್ಲ," ಎಂದರು ಡಾಕ್ಟರಮ್ಮ. "ಆದ್ರೆ ಕಾಳು ಒಂದೂ ಉಳೀಬಾರ್ದು. ಉಳಿದ್ರೆ ನನ್ನ ಮಾತಿಗೆ ಅರ್ಥ ಇಲ್ಲ."

ಕೈಗೆ ಸಿಗದ, ಕಣ್ಣಿಗೆ ಕಾಣದ ವಸ್ತು ಪೂರ್ತಿ ಹೊರಗೆ ಬಂತೋ ಇಲ್ಲವೋ ಹೇಗೆ ಗೊತ್ತಾಗಬೇಕು? ಡಾಕ್ಟರಮ್ಮ ಹೊರಗಿನ ಯಾವುದೋ ವೈದ್ಯ ಪತ್ರಿಕೆಯಲ್ಲಿ ಓದಿದ ಕ್ರಮ ಹೀಗಿತ್ತು. ಆಪರೇಷನ್ನಿಗೆ ಮುಂಚೆ ಕಾಳುಗಳಿರುವ ಜಾಗಕ್ಕೆ ಸೂಜಿ ಇಳಿಸಿ ಒಂದು ಫಿಲ್ಮ್. ಸೂಜಿ ಸರಿಯಾಗಿ ಕೂತಿದ್ದರೆ ಒಂದು ಹನಿ ನೀಲಿ ಬಣ್ಣ ಬಿಡುವುದು. ಥಿಯೇಟರಿನಲ್ಲಿ ಆ ನೀಲಿಯ ಸುತ್ತಲಿನ ಭಾಗವನ್ನು ಕತ್ತರಿಸಿ ತೆಗೆಯುವುದು. ಹೊರಬಂದ ತುಂಡಿಗೆ ಎರಡು ರೇಷ್ಮೆ ದಾರ ಕಟ್ಟುವುದು: ಗಿಡ್ಡ ದಾರ ಕತ್ತಿನ ಕಡೆಗೆ, ಉದ್ದ ದಾರ ಕಂಕುಳಿನ ಕಡೆಗೆ. ತುಂಡು ನನ್ನ ಕೋಣೆಗೆ ಬರಬೇಕು. ನಾನು ಅದನ್ನು ಫಿಲ್ಮಿನ ಮೇಲೆ ಇಟ್ಟು ಎಕ್ಸ್‌ರೇ ತೆಗೆದು, ಒದ್ದೆ ಫಿಲ್ಮನ್ನೇ ಥಿಯೇಟರಿಗೆ ಒಯ್ಯಬೇಕು. ಕಾಳುಗಳು ತುಂಡಿನ ಮಧ್ಯದಲ್ಲಿದ್ದು ಸುತ್ತ ಖಾಲಿ ಅಂಚು ಕಂಡರೆ ಹೊಲಿಯಬಹುದು. ಕಾಳು ಅಂಚಿಗೆ ತಾಗಿದ್ದರೆ ಆಚೆಗೂ ಇದೆಯೆಂದು ಅರ್ಥ. ಆ ಕಡೆ ಇನ್ನಷ್ಟು ತೆಗೆಯಬೇಕು. ಯಾವ ಕಡೆ ಎಂದು ದಾರ ಹೇಳುತ್ತದೆ. ಅಷ್ಟು ಹೊತ್ತೂ ರೋಗಿ ಅರಿವಳಿಕೆಯಲ್ಲಿ, ಗಾಯ ತೆರೆದೇ ಇರುತ್ತದೆ.

ಆಕೆಗೆ ಉಬ್ಬಸವಿತ್ತು. ಅರಿವಳಿಕೆ ಡಾಕ್ಟರು ಬೆಳಗ್ಗೆಯೇ, "ನನ್ನ ಹತ್ರ ಜಾಸ್ತಿ ಹೊತ್ತು ಕೇಳ್ಬೇಡಿ," ಎಂದು ಹೇಳಿ, ಆವತ್ತು ಆಕಳಿಸದೆ ಒಳಗೆ ಹೋದರು.

ಸೂಜಿ ಚೆನ್ನಾಗಿ ಕೂತಿತು, ಕಾಳುಗಳ ನಟ್ಟನಡುವೆ. ನಾನು ಸೀಸದ ಹಾಳೆಯ ಮೇಲೆ ಕಪ್ಪು ಕಾಗದದ ಫಿಲ್ಮ್ ಇಟ್ಟು, ವೋಲ್ಟೇಜ್ ಸ್ಟೆಬಿಲೈಸರಿನ ಮುಳ್ಳನ್ನು ನೋಡುತ್ತ, ಕೋಣೆಯ ಬಾಗಿಲಲ್ಲಿ ನಿಂತೆ. ಎದುರಿನ ಬೆಂಚಿನ ಮೇಲೆ ಆಕೆಯ ಗಂಡ. ಬಿಳಿ ಪಂಚೆ, ಬಿಳಿ ಷರಟು, ಬೆರಳಿಗೆ ದಪ್ಪ ಉಂಗುರ, ಎಡ ಕಂಕುಳಲ್ಲಿ ಕಾಫಿ ತುಂಬಿದ ಫ್ಲಾಸ್ಕು. ಮಗುವನ್ನು ಅವುಚಿಕೊಂಡ ಹಾಗೆ ಅದನ್ನು ಅವುಚಿಕೊಂಡಿದ್ದರು.

"ಏನಯ್ಯಾ, ಗಂಟೇ ಇಲ್ಲ ಅಂತೀರಾ, ಕುಯ್ತೀನೂ ಅಂತೀರಾ. ಏನ್ ಕುಯ್ತೀರಾ ಹಂಗಾದ್ರೆ?" ಎಂದರು.

"ಫಿಲ್ಮಲ್ಲಿ ಕಾಣುತ್ತೆ ಸಾರ್."

"ಫಿಲ್ಮಲ್ಲಿ ಏನೇನೋ ಕಾಣುತ್ತಪ್ಪ, ಟಾಕೀಸಿಗೆ ನಾವೂ ಹೋಗಿದೀವಿ."

ಥಿಯೇಟರಿನ ಬಾಗಿಲು ತೆರೆಯಿತು. ಆಯಮ್ಮ ಟ್ರೇ ಹಿಡಿದು ಬಂದರು. ಬಂದವರು ನನ್ನ ಕಡೆ ಬರಲಿಲ್ಲ. ಮೂಲೆಯ ನಲ್ಲಿಯ ಹತ್ತಿರ ಹೋಗಿ ಲೋಟದಿಂದ ತುಂಡಿನ ಮೇಲೆ ನೀರು ಹುಯ್ದು ಟ್ರೇ ಬಗ್ಗಿಸಿ ಚೆಲ್ಲಿದರು, ಆಮೇಲೆ ನೇರ ಬೆಂಚಿಗೆ ಹೋದರು.

ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ನಮ್ಮಲ್ಲಿ ಹೊರಗೆ ತೆಗೆದದ್ದನ್ನು ಮನೆಯವರಿಗೆ ತೋರಿಸಲೇಬೇಕು. ಗರ್ಭಕೋಶವಾಗಲಿ, ಪಿತ್ತಕೋಶದ ಕಲ್ಲಾಗಲಿ, ಟ್ರೇಯಲ್ಲಿಟ್ಟು ತಂದು, "ನೋಡ್ಕೊಳಿ, ಇದೇ," ಎಂದು ಹೇಳಬೇಕು. ಹಿಂದೆ ಒಂದು ಮನೆಯವರು, ಬರೀ ಚರ್ಮ ಕುಯ್ದು ಹೊಲಿದು ಕಳಿಸಿದ್ದಾರೆ ಎಂದು ಬಾಗಿಲಲ್ಲಿ ಕೂಗಾಡಿದ ಮೇಲೆ ಡಾಕ್ಟರಮ್ಮನೇ ಮಾಡಿದ ಕಟ್ಟುನಿಟ್ಟು. ರಕ್ತ ನೋಡಿ ಯಾರಾದರೂ ತಲೆಸುತ್ತಿ ಬಿದ್ದಾರೆಂದು ಸ್ವಲ್ಪ ತೊಳೆದು ತೋರಿಸುವುದು ಆಯಮ್ಮನ ಸ್ವಂತ ಮರ್ಯಾದೆ. ಇಷ್ಟು ವರ್ಷ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಏಕೆಂದರೆ ಹೊರಬಂದ ವಸ್ತುವಿನ ಎಡಬಲ ಯಾರಿಗೂ ಬೇಕಿರಲಿಲ್ಲ.

"ನೋಡ್ಕೊಳಿ ಯಜಮಾನ್ರೇ, ಇದೇ," ಎಂದರು ಆಯಮ್ಮ.

"ಗಂಟೆಲ್ಲಿ ಇದರಲ್ಲಿ?" ಎಂದು ಅವರು ಕೈ ಹಾಕಿಯೇಬಿಟ್ಟರು. ಎರಡು ಬೆರಳಲ್ಲಿ ಎತ್ತಿ, ಒತ್ತಿ ನೋಡಿ, ಮತ್ತೆ ಇಟ್ಟರು. ಆಯಮ್ಮ, "ಅಯ್ಯೋ, ಮುಟ್ಟಬಾರ್ದು," ಎಂದು ಟ್ರೇ ಹಿಂದಕ್ಕೆ ಎಳೆದುಕೊಂಡು ನನ್ನ ಹತ್ತಿರ ಬಂದರು.

ನಾನು ಆಗ ದಾರ ನೋಡಲಿಲ್ಲ. ಟ್ರೇಯಲ್ಲಿ ಹೇಗಿತ್ತೋ ಹಾಗೇ, ಮಗುಚದೆ, ಫಿಲ್ಮಿನ ಮೇಲೆ ಜಾರಿಸಿದೆ. ಅದೊಂದನ್ನು ಡಾಕ್ಟರಮ್ಮ ನೂರು ಸಲ ಹೇಳಿದ್ದರು. ಮೊದಲ ಫಿಲ್ಮ್ ಪೂರಾ ಕಪ್ಪಾಯಿತು, ಕರೆಂಟು ಏರಿತ್ತು. ಎರಡನೆಯದನ್ನು ಡೆವಲಪರ್‌ಗೆ ಇಳಿಸಲು ಹೊರಟಾಗ, ಏನಾಯಿತೆಂದು ನೋಡಲು ಬಂದ ಥಿಯೇಟರಿನ ಸಿಸ್ಟರ್ ಎದುರಾದರು. ಅವರ ಮುಖ ಗಾಬರಿಯಿಂದ ಚಿಕ್ಕದಾಗಿತ್ತು. ನನಗೆ ಸುಮ್ಮನಿರಲು ಆಗಲಿಲ್ಲ. ಬೆಂಚಿನ ಯಜಮಾನರನ್ನು ಮಾಡಿದೆ. ಹೊಟ್ಟೆ ಮುಂದೆ ಮಾಡಿ, ಎರಡು ಬೆರಳಲ್ಲಿ ಎತ್ತಿ, ಮೂಸಿ, ಕಾವಲಿಯ ಮೇಲಿನ ದೋಸೆಯಂತೆ ಮಗುಚಿ, "ಗಂಟೆಲ್ಲಿ ಇದರಲ್ಲಿ?" ಎಂದೆ. ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನು ಗೆದ್ದವನ ಹಾಗೆ ಡಾರ್ಕ್‌ರೂಮಿಗೆ ಹೋಗಿ ವಾರ್ತೆ ಓದಿದೆ.

ಹವಾಮಾನಕ್ಕೆ ಬಂದಾಗ ಫಿಲ್ಮ್ ಎತ್ತಿದೆ. ಫಿಕ್ಸರಿನಲ್ಲಿ ಅದ್ದಿ, ನೀರಲ್ಲಿ ಆಡಿಸಿ, ಹ್ಯಾಂಗರಿನಿಂದ ತೊಟ್ಟಿಕ್ಕುತ್ತಿದ್ದುದನ್ನು ಹಿಡಿದು ಓಡಿದೆ. ಡಾಕ್ಟರಮ್ಮ ಗ್ಲೌಸಿನ ಕೈಗಳನ್ನು ಎದೆಯ ಮುಂದೆ ಎತ್ತಿಕೊಂಡೇ ಥಿಯೇಟರಿನ ಬಾಗಿಲ ಹತ್ತಿರದ ದೀಪದ ಪೆಟ್ಟಿಗೆಗೆ, ವ್ಯೂ ಬಾಕ್ಸಿಗೆ, ಬಂದರು.

ಕಾಳುಗಳಿದ್ದವು. ಫಿಲ್ಮಿನಲ್ಲಿ ಗಿಡ್ಡ ದಾರದ ಗಂಟು ಮೇಲ್ಗಡೆ ಇರುವಂತೆ ಹಿಡಿದರೆ, ಬಲಗಡೆ ಕಾಳುಗಳು ಅಂಚಿನವರೆಗೂ ಬಂದು ನಿಂತಿದ್ದವು. ಅರ್ಧ ಓದಿದ ಸಾಲಿನ ಹಾಗೆ.

"ಈ ಕಡೆ ಇನ್ನೂ ಇದೆ," ಎಂದರು ಡಾಕ್ಟರಮ್ಮ. "ಉದ್ದ ದಾರ ಯಾವ ಕಡೆ? ತುಂಡು ತಾ."

ತಂದೆ. ಉದ್ದ ದಾರ ಇರಲಿಲ್ಲ.

ಅದು ಯಜಮಾನರ ಉಂಗುರದಲ್ಲಿ ಸಿಕ್ಕಿಕೊಂಡಿತ್ತು. ಬೆಣ್ಣೆಗೆ ಕಟ್ಟಿದ ದಾರದಂತೆ ಗುರುತೂ ಉಳಿಸದೆ ಜಾರಿ ಬಂದಿತ್ತು. ನೀರು ಹುಯ್ದಿದ್ದರಿಂದ ನೀಲಿ ಬಣ್ಣ ಎಲ್ಲ ಕಡೆ ಹರಡಿತ್ತು. ಸೂಜಿ ಯಾವ ಮುಖದಿಂದ ಇಳಿದಿತ್ತು ಎಂದು ಹೇಳುವ ಹಾಗಿರಲಿಲ್ಲ; ಎರಡು ಮುಖವೂ ಒಂದೇ ತರ ಹಳದಿ ಕೊಬ್ಬು, ಅದರ ಮೇಲೆ ತೆಳು ನೀಲಿ. ಡಾಕ್ಟರಮ್ಮ ಅದನ್ನು ಒಳಗೆ ಒಯ್ದು ಗಾಯದಲ್ಲಿ ಕೂರಿಸಿ ನೋಡಿದರು. ಹೀಗಿಟ್ಟರೂ ಕೂತಿತು, ಮಗುಚಿ ಇಟ್ಟರೂ ಕೂತಿತು.

ಪ್ರಶ್ನೆ ಇಷ್ಟೇ ಆಗಿ ಉಳಿಯಿತು. ಎತ್ತಿದವರು ಅದನ್ನು ಮಗುಚಿದರೋ ಇಲ್ಲವೋ? ಮಗುಚಿಲ್ಲದಿದ್ದರೆ ಉಳಿದ ಕಾಳುಗಳು ಕಂಕುಳಿನ ಕಡೆ. ಮಗುಚಿದ್ದರೆ ಎದೆಯ ನಡುವಿನ ಕಡೆ.

ಆಯಮ್ಮನನ್ನು ಕೇಳಿದರು. "ನಾನು ಕೈಯಲ್ಲಿ ಮುಟ್ಟಿಲ್ಲ ಮೇಡಂ, ದೇವ್ರಾಣೆ. ನೀರು ಹುಯ್ದೆ ಅಷ್ಟೇ, ಅಲ್ಲಾಡಲೂ ಇಲ್ಲ. ಅವ್ರು ಎತ್ತಿದ್ರು. ಎತ್ತಿದಾಗ ನಾನು ಅವ್ರ ಮುಖ ನೋಡ್ತಿದ್ದೆ, ಬಿದ್ದುಗಿದ್ದಾರು ಅಂತ."

ಯಜಮಾನರನ್ನು ಬಾಗಿಲಿಗೆ ಕರೆದು ಕೇಳಿದರು. ಅವರ ಮುಖದ ಬಣ್ಣ ಅಷ್ಟರಲ್ಲಾಗಲೇ ಇಳಿದಿತ್ತು. "ಹೆಂಗಿತ್ತೋ ಹಂಗೇ ಇಟ್ಟೆ ಅನ್ಸುತ್ತೆ. ಇಲ್ಲ ಒಂದು ಸಲ ತಿರುಗಿಸ್ದೆನೋ… ಜ್ಞಾಪಕ ಇಲ್ಲ ಡಾಕ್ಟ್ರೇ. ಯಾಕೆ, ಏನಾಯ್ತು?"

"ಎರಡೂ ಕಡೆ ತೆಗೆದ್ಬಿಡಿ," ಎಂದರು ಒಳಗಿನಿಂದ ಅರಿವಳಿಕೆ ಡಾಕ್ಟರು.

"ಎರಡೂ ಕಡೆ ತೆಗೆದ್ರೆ ಉಳಿಯೋದೇನು? ಚಿಕ್ಕ ಮೈ ಆಕೇದು."

"ಹಾಗಾದ್ರೆ ಪೂರ್ತಿ ತೆಗೀರಿ. ಉಸಿರು ಬಿಗೀತಾ ಇದೆ. ನಂಗೆ ಬೇಗ ಹೇಳಿ."

ಡಾಕ್ಟರಮ್ಮ ಮತ್ತೆ ವ್ಯೂ ಬಾಕ್ಸಿನ ಕಡೆ ತಿರುಗಿದರು. ಎತ್ತಿ ಹಿಡಿದ ಅವರ ಕೈಗಳನ್ನು ನಾನು ಬಹಳ ಸಲ ಅಣಕಿಸಿದ್ದೆ, ಪೂಜೆಗೆ ನಿಂತ ಪುರೋಹಿತರ ಹಾಗೆ. ಆವತ್ತು ಅವು ಯಾವ ಕಡೆಗೂ ಇಳಿಯದೆ ನಿಂತಿದ್ದವು.

"ಮೇಡಂ, ನಾನು ನೋಡ್ತಾ ಇದ್ದೆ," ಎಂದೆ.

"ಮಗುಚಿದ್ರಾ?"

ನಾನು ನೋಡಿದ್ದು ಮಾತಾಗಿ ತಲೆಯಲ್ಲಿ ಉಳಿಯುವುದಿಲ್ಲ. ಕೈಗೆ ಇಳಿದಿರುತ್ತದೆ. "ಮಾಡಿ ತೋರಿಸ್ಲಾ?" ಎಂದೆ.

ಸಿಸ್ಟರ್ ಕಣ್ಣು ಕೆಕ್ಕರಿಸಿದರು. ಡಾಕ್ಟರಮ್ಮ, "ಮಾಡು," ಎಂದರು.

ಹೊಟ್ಟೆ ಮುಂದೆ ಬಂತು, ಎರಡು ಬೆರಳು ಎತ್ತಿದವು, ಮಣಿಕಟ್ಟು ತಾನಾಗಿ ತಿರುಗಿತು. ದೋಸೆ ಮಗುಚಿತು.

"ಇದು ಅವರು ಮಾಡಿದ್ದಾ, ನೀನು ಸೇರಿಸಿದ್ದಾ?" ಎಂದು ಕೇಳಿದರು ಡಾಕ್ಟರಮ್ಮ.

ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಜನ ನಕ್ಕರೆ ಅದು ನಿಜವೆಂದೇ ನಾನು ತಿಳಿದಿದ್ದೆ. ಸಿಸ್ಟರ್ ಕಡೆ ನೋಡಿದೆ. ಸ್ವಲ್ಪ ಹೊತ್ತಿನ ಮುಂಚೆ ಅವರು ನಕ್ಕಿದ್ದು ಸರಿಯಾಗಿ ಆ ದೋಸೆಯ ಹತ್ತಿರ. ಮೂಸಿದ್ದನ್ನು ನಾನು ಸೇರಿಸಿದ್ದೆ, ಅದು ಖಚಿತ. ಮಗುಚಿದ್ದು? ನೆನಪಿನಲ್ಲಿ ಯಜಮಾನರ ಕೈ ಎಲ್ಲಿ ಮುಗಿದು ನನ್ನ ಕೈ ಎಲ್ಲಿ ಶುರುವಾಗುತ್ತದೋ ಗೊತ್ತಾಗಲಿಲ್ಲ.

"ಗೊತ್ತಿಲ್ಲ ಮೇಡಂ. ಇನ್ನೊಂದು ಸಲ ಮಾಡ್ತೀನಿ. ನಗಿಸೋಕಲ್ಲ."

ಆಯಮ್ಮನಿಗೆ ಟ್ರೇ ಹಿಡಿದು ಮೊದಲಿನ ಹಾಗೇ ನಿಲ್ಲಲು ಹೇಳಿದೆ. ಹತ್ತಿಯ ಉಂಡೆ ಒದ್ದೆ ಮಾಡಿ ಟ್ರೇಯಲ್ಲಿಟ್ಟೆ. ಯಜಮಾನರ ಬೆಂಚಿನ ಮೇಲೆ, ಅವರು ಕೂತ ಜಾಗದಲ್ಲೇ ಕೂತೆ. ಏನೋ ಕಡಿಮೆ ಅನ್ನಿಸಿತು. "ಸಾರ್, ಫ್ಲಾಸ್ಕ್ ಕೊಡಿ," ಎಂದೆ. ಅವರು ಏನೂ ಅರ್ಥವಾಗದೆ ಕೊಟ್ಟರು. ಎಡ ಕಂಕುಳಲ್ಲಿ ಅವುಚಿಕೊಂಡೆ. ಆಗ ಎಲ್ಲ ಬದಲಾಯಿತು. ಫ್ಲಾಸ್ಕು ಬೀಳಬಾರದೆಂದು ಎಡ ಭುಜ ಬಿಗಿಯಿತು, ಮೈ ಎಡಕ್ಕೆ ವಾಲಿತು. ಏಳದೆ, ಕೂತಲ್ಲಿಂದಲೇ ಬಲಗೈ ಚಾಚಬೇಕಾಯಿತು. ಟ್ರೇ ಎತ್ತರದಲ್ಲಿತ್ತು, ಕೈ ಕೆಳಗಿನಿಂದ ಮೇಲಕ್ಕೆ ಹೋಯಿತು. ಎರಡು ಬೆರಳಿಂದ ಎತ್ತಿ, ಹೆಬ್ಬೆರಳಿಂದ ಒತ್ತಿದೆ. ಮಗುಚಲು ಮೊಣಕೈ ಹೊರಗೆ ಬರಬೇಕಿತ್ತು. ಬಲಗಡೆ ಗೋಡೆ. ಮೊಣಕೈ ಗೋಡೆಗೆ ತಾಗಿತು.

ಆ ತಾಗುವುದು ನನಗೆ ನೆನಪಿತ್ತು. ಯಜಮಾನರ ಮೊಣಕೈ ಗೋಡೆಗೆ ತಾಗಿ, ಅವರು ಮುಖ ಸಿಂಡರಿಸಿ, ಕೈ ಇಳಿಸಿದ್ದರು. ಇಳಿಸುವಾಗ ಬೆರಳು ಕೊಡವಿದ್ದರು. ಆ ಕೊಡವುವಿಕೆಯಲ್ಲೇ ದಾರ ಹೋಗಿದ್ದಿರಬೇಕು.

"ಮಗುಚಿಲ್ಲ ಮೇಡಂ," ಎಂದೆ. ನನ್ನ ದನಿ ಯಾರ ದನಿಯ ಹಾಗೂ ಇರಲಿಲ್ಲ.

ಡಾಕ್ಟರಮ್ಮ ಯಜಮಾನರ ಷರಟಿನ ತೋಳು ನೋಡಿದರು. ಮೊಣಕೈಯ ಮೇಲೆ ಗೋಡೆಯ ಹಸಿರು ಸುಣ್ಣದ ಗುರುತಿತ್ತು. ಅದು ಆ ತಾಗಿದ್ದಕ್ಕೆ ಸಾಕ್ಷಿಯೂ ಆಗಬಹುದು, ಬೆಳಗಿನಿಂದ ಗೋಡೆಗೆ ಒರಗಿ ಕೂತವರ ತೋಳಿನಲ್ಲಿ ಇರುವಂಥದ್ದೇ ಆಗಿಯೂ ಇರಬಹುದು. ಅವರಿಗೂ ಅದು ಗೊತ್ತಿತ್ತು. ಆಯಮ್ಮನ ಕಡೆ ತಿರುಗಿ, "ಈ ಸಲ ತೋರಿಸಬೇಡ ಅಂತ ನಾನೇ ಹೇಳಬೇಕಿತ್ತು. ಹೇಳಲಿಲ್ಲ," ಎಂದರು. ಆಮೇಲೆ ನನಗೆ, "ಕಂಕುಳಿನ ಕಡೆ ತೆಗೀತೀನಿ. ಫಿಲ್ಮ್ ರೆಡಿ ಇಟ್ಕೋ. ತಪ್ಪಾಗಿದ್ರೆ ತಪ್ಪು ನಂದು, ನಿಂದಲ್ಲ. ತಿಳೀತಾ?" ಎಂದು ಒಳಗೆ ಹೋದರು.

ತಿಳಿಯಲಿಲ್ಲ. ತಪ್ಪಾಗಿದ್ದರೆ ಇನ್ನೊಂದು ಕಡೆಯೂ ತೆಗೆಯಬೇಕು, ಆಮೇಲೆ ಆಕೆಗೆ ಕೊಟ್ಟ ಮಾತಿನಲ್ಲಿ ಏನೂ ಉಳಿಯುವುದಿಲ್ಲ. ಅದು ಯಾರ ಹೆಸರಿಗೆ ಬಿದ್ದರೇನು?

ಎರಡನೆಯ ತುಂಡನ್ನು ನಾನೇ ಹೋಗಿ ತೆಗೆದುಕೊಂಡೆ. ಟ್ರೇಯ ಮೇಲೆ ಬಟ್ಟೆ ಮುಚ್ಚಿ ಬೆಂಚಿನ ಮುಂದೆ ಹಾದೆ. ಯಜಮಾನರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಅಂಟಿ ನಿಂತಿದ್ದರು. ಇನ್ನೊಂದು ದಿನವಾಗಿದ್ದರೆ ಅದನ್ನು ಎಷ್ಟು ಸಲ ಮಾಡಿ ತೋರಿಸುತ್ತಿದ್ದೆನೋ.

ಡಾರ್ಕ್‌ರೂಮಿನಲ್ಲಿ ವಾರ್ತೆ ಓದಲು ಹೊರಟೆ. ದನಿ ಬರಲಿಲ್ಲ. ನನ್ನ ಲೆಕ್ಕವೆಲ್ಲ ಆ ದನಿಯಲ್ಲಿತ್ತು; ಅದಿಲ್ಲದೆ ಎಷ್ಟು ಹೊತ್ತಾಯಿತೆಂದು ತಿಳಿಯುವಂತಿರಲಿಲ್ಲ. ಕೆಂಪು ದೀಪಕ್ಕೆ ಎತ್ತಿ ನೋಡುವುದು, ಮತ್ತೆ ಅದ್ದುವುದು, ಎತ್ತುವುದು. ಮೊದಲು ತುಂಡಿನ ಅಂಚು ಮೂಡಿತು, ಆಮೇಲೆ ಒಳಗಿನ ಎಳೆಗಳು. ಕಾಳು ಕಾಣಲಿಲ್ಲ. ಇನ್ನೊಮ್ಮೆ ಅದ್ದಿ ಕಣ್ಣು ಮುಚ್ಚಿದೆ. ತೆರೆದಾಗ ಒಂದು ಬದಿಗೆ ಚುಕ್ಕಿಯಿತ್ತು. ಧೂಳೆಂದುಕೊಂಡೆ. ಅದರ ಪಕ್ಕ ಇನ್ನೊಂದು, ಅದರಾಚೆ ಮತ್ತೆರಡು. ಅರ್ಧಕ್ಕೆ ನಿಂತಿದ್ದ ಸಾಲು ಇಲ್ಲಿ ಮುಂದುವರಿದು ಮುಗಿದಿತ್ತು. ಅದರಾಚೆ ಅಂಚಿನವರೆಗೆ ಖಾಲಿ.

ಡಾಕ್ಟರಮ್ಮ ವ್ಯೂ ಬಾಕ್ಸಿನ ಮುಂದೆ ನಿಂತು, "ಹೊಲಿಯೋಣ," ಎಂದರು. ಸಿಸ್ಟರ್ ಉಸಿರು ಬಿಟ್ಟಿದ್ದು ಕೇಳಿಸಿತು. ನಾನು ಹಲ್ಲು ಬಿಟ್ಟೆ. "ನಗಬೇಡ ಇನ್ನೂ," ಎಂದರು ಡಾಕ್ಟರಮ್ಮ. "ಹೊರಗೆ ಬಂದಿದ್ದರಲ್ಲಿ ಏನಿದೆ ಅನ್ನೋದನ್ನ ಈ ಫಿಲ್ಮ್ ಹೇಳುತ್ತೆ. ಒಳಗೆ ಏನು ಉಳೀತು ಅನ್ನೋದನ್ನ ಹೇಳಲ್ಲ. ಗಾಯ ಮಾಗಿದ ಮೇಲೆ ಒಳಗಿಂದೂ ಒಂದು ಫಿಲ್ಮ್ ತೆಗೀಬೇಕು."

ತುಂಡುಗಳ ಪರೀಕ್ಷೆಯ ವರದಿ ಬಂತು. ರೋಗ ಇದ್ದದ್ದು ನಿಜ. ಹಾಲಿನ ನಾಳಗಳ ಒಳಗೇ ಇತ್ತು, ಗೋಡೆ ದಾಟಿರಲಿಲ್ಲ. ಅದು ಒಳ್ಳೆಯ ಸುದ್ದಿ ಎಂದರು. ಆದರೆ ಒಳಗಿನ ಆ ಕೊನೆಯ ಫಿಲ್ಮ್ ತೆಗೆಯುವವರೆಗೆ ನನ್ನ ಮೊಣಕೈ ಆಗಾಗ ಗೋಡೆಗೆ ತಾಗುತ್ತಲೇ ಇತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ, ಊಟಕ್ಕೆ ಕೂತಾಗ, ಸುಮ್ಮನೆ ಕೈ ಎತ್ತಿ ಮಗುಚಿ ನೋಡುತ್ತಿದ್ದೆ. ಒಂದೆರಡು ಸಲ ಮಗುಚಲು ಬಂತು. ಹಾಗೆ ಬಂದ ದಿನ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಗಾಯ ಮಾಗಿ ಆಕೆ ಬಂದರು. ಯಜಮಾನರು ಬೆಂಚಿನ ಮೇಲೆ, ಗೋಡೆಯಿಂದ ದೂರ ಸರಿದು ಕೂತರು. ಫಿಲ್ಮ್ ತೆಗೆದು, ತೊಳೆದು, ಹ್ಯಾಂಗರಿಗೆ ಹಾಕಿ ಹೊರಬಂದೆ. ನಾನೇ ನೋಡಬಾರದೆಂದು ಅದರ ಕಡೆ ಕಣ್ಣು ಹಾಯಿಸಿರಲಿಲ್ಲ. ಆಕೆ ಸೆರಗು ಸರಿಮಾಡಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು.

"ಏನಪ್ಪಾ, ಅವತ್ತು ನಮ್ಮನೆಯವರ ಥರ ಮಾಡಿ ತೋರಿಸಿದೆಯಂತೆ? ಆಯಮ್ಮ ಹೇಳಿದ್ರು."

ನೆಲ ಬಿರಿಯಬಾರದೇ ಅನ್ನಿಸಿತು. "ತಪ್ಪಾಯ್ತು ಅಕ್ಕ."

"ತಪ್ಪೇನು ಬಂತು? ನಂಗೂ ತೋರ್ಸು."

ಫ್ಲಾಸ್ಕಿರಲಿಲ್ಲ, ಡೆವಲಪರ್ ಪುಡಿಯ ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡೆ. ವಾಲಿದೆ, ಕೈ ಚಾಚಿದೆ, ಎತ್ತಿದೆ, ಒತ್ತಿದೆ, ಇಳಿಸಿದೆ, ಬೆರಳು ಕೊಡವಿದೆ. ಆಕೆ ಕಣ್ಣು ಮಿಟುಕಿಸದೆ ನೋಡಿದರು.

"ತಿರುಗಿಸಿ ನೋಡಲೇ ಇಲ್ವಾ?"

"ಇಲ್ಲ ಅಕ್ಕ. ಹಾಗಂತ ನಂಗನ್ಸಿದ್ದು."

"ಅನ್ಸೋದೇನು, ಅವರೇ ಅದು," ಎಂದರು ಆಕೆ. "ಮದುವೆಯಾದಾಗಿಂದ ನೋಡ್ತಾ ಇದೀನಿ. ಮಾರ್ಕೆಟ್ಟಲ್ಲಿ ಬದನೆಕಾಯಿನೂ ಹಿಂಗೇ ತರೋದು. ಎತ್ತೋದು, ಒತ್ತೋದು, ಚೀಲಕ್ಕೆ ಹಾಕೋದು. ಆ ಕಡೆ ತೂತಿದ್ರೂ ತಿರುಗಿಸಿ ನೋಡಲ್ಲ. ಎಷ್ಟು ಜಗಳ ಆಡಿದೀನಿ ಗೊತ್ತಾ ಅದಕ್ಕೆ?"

ಆವತ್ತು ಥಿಯೇಟರಿನ ಬಾಗಿಲಲ್ಲಿ ನಮಗೆ ಬೇಕಾಗಿದ್ದ ಸಾಕ್ಷಿ ಒಳಗೆ ಅರಿವಳಿಕೆಯಲ್ಲಿ ಮಲಗಿತ್ತು.

ಡಾಕ್ಟರಮ್ಮ ಬಂದರು. ಒದ್ದೆ ಫಿಲ್ಮನ್ನು ವ್ಯೂ ಬಾಕ್ಸಿಗೆ ಸಿಕ್ಕಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಭೂತಗನ್ನಡಿ ಹಿಡಿದರು. ಆಕೆ ನನ್ನ ಮುಖ ನೋಡುತ್ತಿದ್ದರು. ಆ ಮುಖಕ್ಕೆ ಯಾವ ಮುಖ ಹಾಕಬೇಕೋ ನನಗೆ ಗೊತ್ತಿರಲಿಲ್ಲ.

"ಕಾಳಿಲ್ಲ," ಎಂದರು ಡಾಕ್ಟರಮ್ಮ.

ಆಮೇಲೆ ಫಿಲ್ಮನ್ನು ಹ್ಯಾಂಗರಿನ ಸಮೇತ ಎತ್ತಿ, ತಿರುಗಿಸಿ ಸಿಕ್ಕಿಸಿ, ಮತ್ತೆ ಮೊದಲಿನಿಂದ ನೋಡತೊಡಗಿದರು.